ಟೊಪ್ಪಿಗೆ ಸರಿಸಿದ ಕೈ

...“ಕೂಸು ತಡಿಯೂದಿಲ್ರಿ” ಎಂದಿರೋ, “ಕೂಸು ನಿಲ್ಲೂದಿಲ್ರಿ” ಎಂದಿರೋ, ಈಗ ಖಚಿತವಾಗಿ ಹೇಳಲಾರೆ. ಎರಡರಲ್ಲಿ ಒಂದು. ಗುಂಡಿ ಒತ್ತಿದ ಮೇಲೆ ಚಿತ್ರ ಬೀಳುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೀವು ಕ್ಯಾಮೆರಾ ಅಂಗಡಿಯವರನ್ನು ಕೇಳುತ್ತಿದ್ದಿರಿ. ನಿಮ್ಮ ಗಂಡನಿಗೆ ಅದು ಮುಖ್ಯವಾಗಿರಲಿಲ್ಲ. ದೂರದ್ದನ್ನು ಅದು ಎಷ್ಟು ಹತ್ತಿರ ತರುತ್ತದೆ ಎಂದು ಅವರು ಕೇಳುತ್ತಿದ್ದರು. ನಿಮ್ಮ ಅತ್ತೆಯವರು ಕ್ಯಾಮೆರಾ ಕೊಳ್ಳುವುದೇ ಬೇಡ ಎನ್ನುತ್ತಿದ್ದರು.

ಪತ್ರಕ್ಕೆ ದಿನಾಂಕ ಬೇಕು. ನಮ್ಮಲ್ಲಿ ವರ್ಷಗಳನ್ನು ಕೆರೆ ತುಂಬಿದ ಲೆಕ್ಕದಲ್ಲಿ ಎಣಿಸುತ್ತಾರೆ. ಆ ಪ್ರಕಾರ ಇದು ನಲವತ್ತನೇ ತುಂಬಿನ ನೀರು ಇಳಿಯುವ ಇಳಿಗಾಲ. ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಇದು ಸಿಗದು. ನೀವು ತೆಗೆದ ವಿಡಿಯೋ ದೃಶ್ಯದ ಮೂಲೆಯಲ್ಲಿ ಹಳದಿ ಅಂಕಿಗಳು ಜನವರಿ ಒಂದು ಎನ್ನುತ್ತವೆ. ಆದರೆ ಅಂಗಡಿಯ ಬಾಗಿಲಿಗೆ ತೊಯ್ದ ಕೊಡೆಗಳು ಒರಗಿವೆ, ನಿಮ್ಮ ಅತ್ತೆಯ ಸೆರಗಿನ ಅಂಚು ಒದ್ದೆಯಾಗಿದೆ. ಆ ಕ್ಯಾಮೆರಾಕ್ಕೆ ಯಾರೂ ಇನ್ನೂ ದಿನಾಂಕ ಹೊಂದಿಸಿರಲಿಲ್ಲ, ಅಷ್ಟೆ. ಹಾಗಾಗಿ ಸರಿಯಾದ ದಿನಾಂಕ ನಿಮ್ಮ ಬಳಿಯೂ ಇಲ್ಲ, ನನ್ನ ಬಳಿಯೂ ಇಲ್ಲ. ನನ್ನ ಮಾತು ಎಲ್ಲಾದರೂ ವಿಚಿತ್ರವೆನಿಸಿದರೆ ಮನ್ನಿಸಿ. ನಾವು ಮನೆಯಲ್ಲಿ ಆಡುವ ಕನ್ನಡ ನಿಮಗೆ ಅರ್ಥವಾಗುವಂತಿಲ್ಲ. ಇದು ನಿಮ್ಮ ಕಾಲದ ಪುಸ್ತಕಗಳಿಂದ ಕಲಿತದ್ದು.

ನಿಮ್ಮನ್ನು ಏನೆಂದು ಕರೆಯಬೇಕೆಂಬುದೂ ತಿಳಿಯದು. ಆ ಹೊತ್ತಿನಲ್ಲಿ ಅತ್ತೆಯ ಕೈಯಲ್ಲಿದ್ದ ನಿಮ್ಮ ಮಗುವಿನ ಮೊಮ್ಮಗಳ ಮೊಮ್ಮಗ ನಾನು. ಆದ್ದರಿಂದ ನೀವು ಅಜ್ಜಿ. ಆದರೆ ದೃಶ್ಯದಲ್ಲಿ ಕೇಳುವ ದನಿಗೆ ನನ್ನ ವಯಸ್ಸಿನ ಅರ್ಧದಷ್ಟೂ ಆಗಿರಲಿಕ್ಕಿಲ್ಲ. ದಾಕ್ಷಾಯಣಿಯವರೇ ಎಂದು ಬರೆಯುತ್ತೇನೆ. ನಿಮ್ಮ ಅತ್ತೆ ಗದರುವಾಗ ಬಳಸಿದ ಹೆಸರು ಅದು.

ನನ್ನ ಕೆಲಸ ಸೇತುವೆಗಳಿಗೆ ಕಿವಿಗೊಡುವುದು. ಕಂಬಕ್ಕೆ ಒಂದು ತಟ್ಟೆಯನ್ನು ಅಂಟಿಸಿ, ಒಳಗೆ ಬಿರುಕು ಬೆಳೆಯುತ್ತಿದೆಯೇ ಎಂದು ಆಲಿಸುತ್ತೇನೆ. ಇದನ್ನು ಹೇಳುವುದಕ್ಕೆ ಕಾರಣವಿದೆ. ನಿಮ್ಮ ದೃಶ್ಯವನ್ನು ನಾನು ನೋಡಿದ್ದಕ್ಕಿಂತ ಕೇಳಿದ್ದು ಹೆಚ್ಚು. ಅದು ಊರಾಚೆಯ ಕಾಪುಮನೆಯಲ್ಲಿದೆ. ಹಳೆಯ ಕಾಲದಿಂದ ಉಳಿದ ಬಿಂಬಗಳನ್ನು, ಅಂದರೆ ನಿಮ್ಮ ಫೋಟೋ, ವಿಡಿಯೋಗಳನ್ನು, ಗುಡ್ಡದ ತಂಪಿನಲ್ಲಿ ಇಡುವ ಜಾಗವನ್ನು ನಾವು ಹಾಗೆ ಕರೆಯುತ್ತೇವೆ. ವಂಶದವರು ಕೇಳಿಕೊಂಡರೆ ಒಂದು ಬೆಂಚು, ಒಂದು ಪರದೆ, ಕುಡಿಯಲು ನೀರು ಕೊಡುತ್ತಾರೆ. ನೀವು ಆ ಕ್ಯಾಮೆರಾದಲ್ಲಿ ಮುಂದೆ ತೆಗೆದಿರಬಹುದಾದ ಹುಟ್ಟುಹಬ್ಬಗಳು, ಶಾಲೆಯ ಮೊದಲ ದಿನಗಳು ಯಾವುವೂ ಉಳಿದಿಲ್ಲ. ಉಳಿದದ್ದು ಕ್ಯಾಮೆರಾ ಕೊಂಡ ದಿನ ಅಂಗಡಿಯಲ್ಲೇ ತಪ್ಪಿ ತೆಗೆದ ಈ ಒಂದು ದೃಶ್ಯ ಮಾತ್ರ. ಫೋಟೋ ತೆಗೆಯುತ್ತಿದ್ದೇನೆಂದು ನೀವು ಗುಂಡಿ ಒತ್ತಿದಿರಿ. ತಿರುಗುಚಕ್ರ ವಿಡಿಯೋದ ಮೇಲಿತ್ತು. “ಒತ್ತೀನಿ, ಏನೂ ಆಗವಲ್ದು” ಎಂದಿರಿ. ಅದು ಆಗಲೇ ಎಲ್ಲವನ್ನೂ ಕೇಳಿಸಿಕೊಳ್ಳತೊಡಗಿತ್ತು.

ಅಂಗಡಿ ಗದಗಿನದು. ಗಾಜಿನ ಹಲಗೆಯ ಮೇಲೆ ಇನ್ನೊಂದು ಕ್ಯಾಮೆರಾ ಇದೆ. ತೆಳ್ಳಗೆ, ಕಪ್ಪಗೆ, ನಿಮ್ಮ ಗಂಡ ವೀರಭದ್ರಪ್ಪನವರ ಕೈ ಮತ್ತೆ ಮತ್ತೆ ಅದರತ್ತಲೇ ಹೋಗುತ್ತದೆ.

“ಇದರಾಗ ಚಂದ್ರ ಕಾಣ್ತಾನೇನ್ರಿ?” ಎನ್ನುತ್ತಾರೆ ಅವರು.

“ಚಂದ್ರನ್ನ ತಗದು ಏನ್ ಮಾಡ್ತೀರಿ ಅಣ್ಣಾರ? ಕೂಸು ಇಲ್ಲೇ ಐತಲ್ಲ” ಎನ್ನುತ್ತಾರೆ ಅಂಗಡಿಯವರು. “ಮನ್ಯಾಗ ತಗಿಯಾಕ ಅಕ್ಕಾರ ಕೈಯಾಗಿಂದು ಸಾಕ್ರಿ. ಪೆನ್ಸಿಲ್ ಸೆಲ್ ಹಾಕಿದ್ರ ಆತು, ಯಾವ ಕಿರಾಣಿ ಅಂಗಡ್ಯಾಗೂ ಸಿಗ್ತಾವು. ಆ ಕರೇದಕ್ಕ ಚಾರ್ಜರ್ ಬೇಕು, ಕರೆಂಟ್ ಬೇಕು. ಮೆಗಾಪಿಕ್ಸೆಲ್ ಜಾಸ್ತಿ ಅಂತ ಸುಮ್ನ ರೊಕ್ಕ ಹಾಕಬ್ಯಾಡ್ರಿ. ಗ್ವಾಡಿ ತುಂಬ ಹಚ್ಚಾವ್ರೇನು ನೀವು?”

“ಅಂವಾ ಹಚ್ಚತಾನು” ಎನ್ನುತ್ತಾರೆ ನಿಮ್ಮ ಅತ್ತೆ. “ಬಸ್ಸಿನ ಮ್ಯಾಲೂ ಹಚ್ಚತಾನು.” ವೀರಭದ್ರಪ್ಪನವರು ಬಸ್ ಡಿಪೋದಲ್ಲಿದ್ದರೆಂದು ನನಗೆ ತಿಳಿದದ್ದು ಈ ಮಾತಿನಿಂದ. ಎಲ್ಲರೂ ನಗುತ್ತಾರೆ. ನೀವು ನಗುವುದು ಚಿತ್ರ ಅಲುಗುವುದರಿಂದ ಗೊತ್ತಾಗುತ್ತದೆ.

ಆಮೇಲೆ ನೀವು ಆ ಒತ್ತುವ ಗುಂಡಿಯ ಪ್ರಶ್ನೆ ಕೇಳುತ್ತೀರಿ. ಅಂಗಡಿಯವರು ಪ್ರಾಮಾಣಿಕರು. ಅಗ್ಗದ್ದರಲ್ಲಿ ಸ್ವಲ್ಪ ತಡವಾಗುತ್ತದೆ, ಮೊದಲು ಅರ್ಧ ಒತ್ತಿ ಹಿಡಿದು ಆಮೇಲೆ ಪೂರ್ತಿ ಒತ್ತಿದರೆ ಬೇಗ ಬೀಳುತ್ತದೆ ಎಂದು ಹೇಳಿಕೊಡುತ್ತಾರೆ. ಆಗ ನೀವು, ನಾನು ಮೊದಲಿಗೆ ಬರೆದ ಆ ಕೂಸಿನ ಮಾತು ಆಡುತ್ತೀರಿ. ಮಗು ಅಲುಗಾಡುವುದನ್ನೇ ಹೇಳುತ್ತಿದ್ದೀರಿ ಎಂದು ಅವರೂ ತಿಳಿದರು, ಮೊದಲ ಸಲ ನಾನೂ ತಿಳಿದೆ.

“ದಾಕ್ಷಾಯಣಿ, ಹುಚ್ಚು ಹಿಡದೈತೇನು ನಿನಗ? ವರ್ಷ ತುಂಬೂತನಾ ಕೂಸಿನ ಫೋಟೋ ಬ್ಯಾಡಂದ್ರ ಬ್ಯಾಡ. ಆಯುಷ್ಯ ಕಮ್ಮಿ ಆಗತೈತಿ. ವರ್ಷ ತುಂಬಲಿ, ಸ್ಟುಡಿಯೋಕ್ಕ ಹೋಗೂಣು, ಜರಿ ಟೊಪ್ಪಿಗಿ ಹಾಕಿ ತಗಸೂಣು.”

“ಅತ್ತಿ, ದೊಡ್ಡಾವಂದು ತಗೀಲಿಲ್ಲಲ್ರಿ” ಎನ್ನುತ್ತೀರಿ ನೀವು. ದನಿ ಏರುವುದಿಲ್ಲ. “ಅಂವಾ ಉಳದನೇನ್ರಿ?”

ಇದಾದ ಮೇಲೆ ಫ್ಯಾನಿನ ಸದ್ದು ಮಾತ್ರ. ಅದರ ಒಂದು ರೆಕ್ಕೆ ಸ್ವಲ್ಪ ಬಾಗಿದೆ, ಪ್ರತಿ ಸುತ್ತಿಗೂ ಕೊರಗುತ್ತದೆ. ಅಂಗಡಿಯವರು ಗಾಜು ಒರೆಸತೊಡಗುತ್ತಾರೆ. ನೀವೇ ಮತ್ತೆ ಮಾತಾಡುತ್ತೀರಿ, ಈ ಸಲ ಯಾರಿಗೂ ಅಲ್ಲ: “ಅವನ ಮಾರಿ ನನಗ ನೆನಪ ಬರವಲ್ದು. ನೆನಸಾಕ ಹೋದ್ರ ಈ ಕೂಸಿನ ಮಾರೀನ ಅಡ್ಡ ಬರ್ತೈತಿ.”

ಆಗ ನಿಮ್ಮ ಅತ್ತೆಯ ಕೈ ಬರುತ್ತದೆ. ಹಸಿರು ಬಳೆಗಳ ಮುದಿ ಕೈ. ಅದು ಮಗುವಿನ ಹಣೆಯವರೆಗೆ ಇಳಿದಿದ್ದ ಉಣ್ಣೆಯ ಟೊಪ್ಪಿಗೆಯನ್ನು ಹಿಂದಕ್ಕೆ ಸರಿಸುತ್ತದೆ. “ತಗೀ ಹಂಗಾರ” ಎನ್ನುತ್ತಾರೆ. “ಮಾರಿ ಮ್ಯಾಲೆ ಬೆಳಕ ಬೀಳಲಿ.” ಮಗು ಬೆಳಕಿಗೆ ಕಣ್ಣು ಕಿರಿದು ಮಾಡುತ್ತದೆ. ದೃಶ್ಯ ಅಲ್ಲಿಗೆ ನಿಲ್ಲುತ್ತದೆ. ಕ್ಯಾಮೆರಾದ ಒಳಗೆ ಅಷ್ಟೇ ಜಾಗವಿತ್ತೆಂದು ಕಾಣುತ್ತದೆ.

ನಿಮ್ಮ ಕಾಲದ ನಂತರ ಕ್ಯಾಮೆರಾಗಳು ಎಷ್ಟು ಅಗ್ಗವಾದುವೆಂದರೆ ಅವನ್ನು ಆರಿಸುವ ಕಷ್ಟವೇ ಯಾರಿಗೂ ಉಳಿಯಲಿಲ್ಲ. ಗೋಡೆ, ಕನ್ನಡಿ, ಅಂಗಿಯ ಗುಂಡಿ ಎಲ್ಲವೂ ನೋಡುತ್ತಿದ್ದವು. ಮಕ್ಕಳ ಮುಖಗಳನ್ನು ಕದ್ದು, ಅವುಗಳಿಗೆ ಮಾತು ಕಲಿಸಿ, ತಂದೆತಾಯಿಯರೆದುರೇ ಅಳುವಂತೆ ಮಾಡುವವರು ಹುಟ್ಟಿಕೊಂಡರು. ಅದನ್ನು ಮುಖಗಳವಿನ ಕಾಲ ಎನ್ನುತ್ತೇವೆ. ಅದರಿಂದ ಪಾರಾಗಿ ಬಂದ ಹಿರಿಯರು ಒಂದು ಕಟ್ಟಳೆ ಮಾಡಿದರು. ಏಳು ವರ್ಷ ತುಂಬುವವರೆಗೆ ಯಾವ ಮಗುವಿನ ಬಿಂಬವನ್ನೂ ತೆಗೆಯಬಾರದು. ಏಳು ತುಂಬಿದ ದಿನ ಹೋಳಿಗೆ ಮಾಡಿ, ಬಂಧುಗಳನ್ನು ಕರೆದು, ಮಗುವನ್ನು ಕಿಟಕಿಯ ಬಳಿ ಕೂರಿಸುತ್ತೇವೆ. ಮಗು ತಾನೇ “ತೆಗೆಯಿರಿ” ಎನ್ನಬೇಕು. ಅದಕ್ಕೆ ಮೊದಲ ಬಿಂಬ ಎಂದು ಹೆಸರು. ನಾಚಿಕೆಯಿಂದ ಹೇಳದೆ ಎದ್ದು ಓಡುವ ಮಕ್ಕಳೂ ಉಂಟು. ಅವರಿಗೆ ಮುಂದಿನ ವರ್ಷ ಮತ್ತೆ ಹೋಳಿಗೆ. ಇದು ಕೆಟ್ಟ ಕಟ್ಟಳೆಯಲ್ಲ. ನಿಮ್ಮ ಅತ್ತೆಯ ಮಾತು ಕೂಡ ಕೆಟ್ಟದ್ದಾಗಿರಲಿಲ್ಲ. ಎರಡೂ ಮಗುವನ್ನು ಕಾಯಲೆಂದೇ ಇದ್ದವು.

ನಮ್ಮ ಮಗಳು ತೆನೆ ಐದನೇ ವರ್ಷದಲ್ಲಿ ಜ್ವರದಿಂದ ಹೋದಳು.

ಅದರ ಬಗ್ಗೆ ಹೆಚ್ಚು ಬರೆಯಲಾರೆ. ಅವಳು ಕೆರೆಯ ಮೆಟ್ಟಿಲುಗಳನ್ನು ಹಿಮ್ಮುಖವಾಗಿ ಇಳಿಯುತ್ತಿದ್ದಳು. ಅನ್ನವನ್ನು ಮೊದಲು ತಟ್ಟೆಯ ಅಂಚಿಗೆಲ್ಲ ಹಚ್ಚಿ, ನಡುವೆ ಖಾಲಿ ಮಾಡಿಕೊಂಡು, ಆಮೇಲೆ ಅಂಚಿನಿಂದ ತಿನ್ನುತ್ತಿದ್ದಳು. ಇಂಥವು ನನ್ನಲ್ಲಿವೆ. ಮುಖ ಹೋಗುತ್ತಿದೆ. ನನ್ನ ಹೆಂಡತಿ ರೇವೆ ಅದನ್ನು ನನಗಿಂತ ಮೊದಲೇ ಬಾಯಿಬಿಟ್ಟು ಹೇಳಿದಳು. ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದವಳು ನಿಲ್ಲಿಸಿ, ತೆನೆಯ ಹುಬ್ಬು ಯಾರದಿತ್ತು, ನಿನ್ನದೋ ನನ್ನದೋ ಎಂದು ಕೇಳಿದಳು. ಅವಳು ಕೈ ತೊಳೆದುಕೊಂಡು ಮುಖಕಟ್ಟಿಗರ ಬಳಿಗೆ ಹೋದಳು.

ಬಿಂಬವಿಲ್ಲದೆ ಹೋದವರ ಮುಖವನ್ನು ತಂದೆತಾಯಿಯರ ಮುಖದಿಂದ, ನೆನಪಿನಿಂದ, ದನಿಯಿಂದ ಕಟ್ಟಿಕೊಡುವವರು ಮುಖಕಟ್ಟಿಗರು. ಅವರಿಗೆ ತಂದೆ, ತಾಯಿ ಇಬ್ಬರ ಒಪ್ಪಿಗೆಯೂ ಬೇಕು. ರೇವೆ ಒಪ್ಪಿದ್ದಾಳೆ. ನಾನು ಇನ್ನೂ ಹೂಂ ಎಂದಿಲ್ಲ. ನಾಳೆ ಬೆಳಿಗ್ಗೆ ಅವರು ಮನೆಗೆ ಬರುತ್ತಾರೆ. ಬೇಡವೆಂದರೆ ಮತ್ತೆ ಬರುವುದಿಲ್ಲ. ಹಿಂದೆಗೆದವರನ್ನು ಮತ್ತೆ ಕೇಳಬಾರದೆಂಬುದು ಅವರ ಪದ್ಧತಿ.

ನನ್ನ ಅನುಮಾನ ಕಂಡು ಮುಖಕಟ್ಟಿಗ ಹೆಂಗಸು ಒಂದು ಮಾದರಿ ತೋರಿಸುತ್ತೇನೆಂದಳು. ನಮ್ಮ ವಂಶದಲ್ಲಿ ದನಿ ಮಾತ್ರ ಉಳಿದು ಮುಖ ಇಲ್ಲದವರು ಇದ್ದಾರೆಯೇ ಎಂದು ಕೇಳಿದಳು. ನಾನು ನಿಮ್ಮ ದೃಶ್ಯದ ವಿಷಯ ಹೇಳಿದೆ. ನೀವು ಕ್ಯಾಮೆರಾ ಹಿಡಿದವರು. ದೃಶ್ಯದಲ್ಲಿ ನಿಮ್ಮ ಗಂಡ ಇದ್ದಾರೆ, ಅತ್ತೆ ಇದ್ದಾರೆ, ಅಂಗಡಿಯವರ ಬೋಳುತಲೆ ಇದೆ, ಮಗು ಇದೆ. ನೀವು ಮಾತ್ರ ಇಲ್ಲ. ಅವಳು ಮಗುವಿನ ಮುಖದಿಂದ ವೀರಭದ್ರಪ್ಪನವರ ಪಾಲನ್ನು ಕಳೆದು, ಉಳಿದದ್ದಕ್ಕೆ ನಿಮ್ಮ ದನಿಯನ್ನು ಕೂಡಿಸಿ, ಒಂದು ಮುಖ ಕಟ್ಟಿದಳು.

ಆ ಮುಖ ಚೆನ್ನಾಗಿತ್ತು. ತೊಂದರೆ ಅದೇ. ಎಡಗೆನ್ನೆಯ ಮೇಲೊಂದು ಮಚ್ಚೆ, ಸ್ವಲ್ಪ ದಣಿದ ಕಣ್ಣು. ರೇವೆ ನನ್ನ ತೋಳು ಹಿಡಿದುಕೊಂಡು, ನೋಡು, ನೋಡು, ಉಸಿರಾಡುತ್ತಾಳೆ ಎಂದಳು. ಅವಳು ಅಷ್ಟು ಸಂತೋಷಪಟ್ಟದ್ದನ್ನು ನಾನು ಬಹಳ ಕಾಲದಿಂದ ಕಂಡಿರಲಿಲ್ಲ. ಮರುದಿನ ನಾನೊಬ್ಬನೇ ಕಾಪುಮನೆಗೆ ಹೋಗಿ ನಿಮ್ಮ ದೃಶ್ಯವನ್ನು ಮತ್ತೆ ಕೇಳಿದೆ. ಮೊದಲು ನಿಮ್ಮ ದನಿ ಎಲ್ಲಿಂದಲೋ, ಪರದೆಯ ಈಚೆಯಿಂದ, ನನ್ನ ಕೊರಳಿನ ಹತ್ತಿರದಿಂದ ಬರುತ್ತಿತ್ತು. ಈಗ ಆ ಮಚ್ಚೆಯ ಮುಖ ಎದುರು ನಿಂತು ಮಾತಾಡುತ್ತದೆ. “ಈ ಕೂಸಿನ ಮಾರೀನ ಅಡ್ಡ ಬರ್ತೈತಿ” ಎಂದು ಅದೇ ಹೇಳುತ್ತದೆ. ಅದನ್ನು ಕಳಚಿಡಲು ನೋಡಿದೆ. ಆಗಲಿಲ್ಲ. ಇದನ್ನು ಬರೆಯುತ್ತಿರುವುದು ನಿಮಗೋ ಆ ಮುಖಕ್ಕೋ ಎಂಬುದೂ ನನಗೆ ಈಗ ಸ್ಪಷ್ಟವಿಲ್ಲ.

ರೇವೆಗೆ ಇದನ್ನು ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಖಾಲಿ ಜಾಗವನ್ನು ನೋಡುತ್ತ ಕೂರುವುದು ನಿನಗೆ ಸಾಧ್ಯ, ಅದು ನಿನ್ನ ಕೆಲಸ, ನನಗೆ ಆಗುವುದಿಲ್ಲ ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಬಿರುಕು ಎಂದರೆ ನನಗೆ ಓದಬಹುದಾದ ವಸ್ತು. ಅವಳಿಗೆ ಅದು ಬರೀ ಬಿರುಕು. ಈಗ ಅವಳು ಒಳಗೆ ತೆನೆಯ ಬಟ್ಟೆಗಳನ್ನು ಮಡಿಸುತ್ತಿದ್ದಾಳೆ. ಮುಖಕಟ್ಟಿಗ ಹೆಂಗಸು ಅಳತೆಗೆ ಬೇಕೆಂದು ಕೇಳಿದ್ದಾಳಂತೆ. ಒಂದು ಅಂಗಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿರುವ ಸದ್ದು ಇಲ್ಲಿಗೆ ಕೇಳುತ್ತದೆ.

ನಿಮ್ಮ ಅತ್ತೆ ಬಹಳ ಕಾಲ ನಂಬಿದ್ದನ್ನು ಆ ಫ್ಯಾನು ತಿರುಗುತ್ತಿದ್ದಷ್ಟು ಹೊತ್ತಿನಲ್ಲಿ ಬಿಟ್ಟುಕೊಟ್ಟರು. ಯಾವ ವಾದವೂ ಮಾಡದೆ ಟೊಪ್ಪಿಗೆ ಸರಿಸಿದರು. ಆ ಕೈಯನ್ನು ನೆನೆದಾಗ ನಾಳೆ ಹೂಂ ಎನ್ನಬೇಕೆನಿಸುತ್ತದೆ. ಆದರೆ ಅವರ ಕೈಯ ಕೆಳಗೆ ಒಂದು ನಿಜವಾದ ಹಣೆ ಇತ್ತು, ಬೆಳಕಿಗೆ ಕಿರಿದಾಗುವ ಕಣ್ಣಿತ್ತು. ನಾನು ಸರಿಸಬೇಕಾದ ಟೊಪ್ಪಿಗೆಯ ಕೆಳಗೆ ಏನಿದೆಯೋ ನನಗೆ ತಿಳಿಯದು. ಅಲ್ಲಿ ಏನೂ ಇಲ್ಲವೆಂದು ರೇವೆಗೆ ಯಾವ ಬಾಯಿಂದ ಹೇಳಲಿ?

ಇದು ನಿಮಗೆ ತಲುಪುವುದಿಲ್ಲ. ಕಾಪುಮನೆಯಲ್ಲಿ ನಿಮ್ಮ ದೃಶ್ಯದ ಪಕ್ಕದಲ್ಲಿ ಇಡಲು ಕೇಳಿಕೊಳ್ಳುತ್ತೇನೆ, ಅಷ್ಟೆ. ಆದರೂ ಕೇಳದೆ ಇರಲಾರೆ. ದಾಕ್ಷಾಯಣಿಯವರೇ, ಆ ಮಳೆಯ ದಿನ ಅಂಗಡಿಯವರು ಗಾಜಿನ ಕಪಾಟಿನಿಂದ ಇನ್ನೊಂದು ಪೆಟ್ಟಿಗೆ ತೆಗೆದು, ಅಕ್ಕಾರ, ಇದರಾಗ ನಿಮ್ಮ ದೊಡ್ಡಾವನ ಮಾರಿ ಐತ್ರಿ, ಥೇಟ್ ಅವಂದಲ್ಲ, ಆದ್ರ ಭಾಳ ಚಂದ ಐತ್ರಿ ಎಂದಿದ್ದರೆ, ನೀವು ಏನು ಮಾಡುತ್ತಿದ್ದಿರಿ?