ಕುಡಿಯದವರು ಬಿಟ್ಟ ಕುಡಿತ

ರಾಮದುರ್ಗ
ಗುರುವಾರ ಸಂಜೆ, ೨೦೦೪

ಇಷ್ಟು ವರ್ಷ ನಾನು 'ರೀ' ಎಂದಷ್ಟೇ ಕರೆದ ನನ್ನವರಿಗೆ,

ಅಂಗಡಿಗೆ ಫೋನ್ ಮಾಡಿದರೆ ಸೀರೆಗಳ ಮಡಿಕೆ ಬಿಚ್ಚಿಸಿ ನೋಡುತ್ತ ಕೂತ ಗಿರಾಕಿಗಳ ನಡುವೆ ನೀವು ಬರೀ 'ಹೂಂ, ಹೂಂ' ಎನ್ನುತ್ತೀರಿ. ಅದಕ್ಕೇ ಕಾಲೇಜಿನಲ್ಲಿ ಪಾಠ ಮುಗಿಸಿ ಇಲ್ಲಿನ ಬಾಡಿಗೆ ಕೋಣೆಗೆ ಬಂದವಳೇ, ವಾರದ ಕೊನೆಗೆ ನಾನು ಮನೆಗೆ ಬರುವ ಮೊದಲೇ ಮುಟ್ಟಲೆಂದು ಬೈಲಹೊಂಗಲಕ್ಕೆ ಈ ಪತ್ರ ಬರೆಯಲು ಕೂತೆ.

ಎರಡು ವರ್ಷದ ಹಿಂದೆ ಅಂಗಡಿಯ ಕಟ್ಟೆಯಿಂದ ಜಾರಿ ನಿಮ್ಮ ಸೊಂಟದ ಮೂಳೆ ಬಿರುಕು ಬಿಟ್ಟಿತಲ್ಲ, ಇಷ್ಟು ಸಣ್ಣ ಪೆಟ್ಟಿಗೆ ಹೀಗೇಕಾಯಿತೆಂದು ಧಾರವಾಡದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದ್ದರು. ಗಂಡಸಿನ ದೇಹ ತಾನೇ ಮಾಡಿಕೊಳ್ಳಬೇಕಾದ ಟೆಸ್ಟೊಸ್ಟೆರೋನ್ ಎಂಬ ಹಾರ್ಮೋನು ನಿಮ್ಮಲ್ಲಿ ತೀರ ಕಡಿಮೆಯಿತ್ತು. ಮೂಳೆ ಸವೆದದ್ದು ಅದರಿಂದಲೇ. ಮೂರು ವಾರಕ್ಕೊಂದು ಇಂಜೆಕ್ಷನ್ ಶುರುವಾಯಿತು. ಮನೆಯಲ್ಲಿ ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿರಿ.

ಆಮೇಲಿನ ದಿನಗಳು ನನಗೆ ತುಂಬ ಇಷ್ಟ. ಉಂಡ ಕೂಡಲೇ ನಿದ್ದೆಹೋಗುತ್ತಿದ್ದವರು ನಾನು ಓದಿದ ಕವಿತೆಯನ್ನು ಕೊನೆಯವರೆಗೂ ಕೇಳಿ, "ಅರ್ಥ ಏನೂ ಆಗ್ಲಿಲ್ಲ, ಆದ್ರ ನಿನ್ನ ದನಿ ಚಲೋ ಅದ" ಎಂದಿರಿ. ಐವತ್ತರ ವಯಸ್ಸಿನಲ್ಲಿ ಬೆನ್ನ ತುಂಬ ಮೊಡವೆ. ಮುಲಾಮು ಹಚ್ಚುತ್ತ ಎಷ್ಟು ನಕ್ಕಿದ್ದೆ! ಸೂಜಿ ಚುಚ್ಚಿಸಿಕೊಂಡ ಮೂರ್ನಾಲ್ಕು ದಿನ ಮಾತ್ರ ಮೂಗಿನ ತುದಿಯಲ್ಲೇ ಸಿಟ್ಟು. ಬರಬರುತ್ತ ಮುಖ ಕೆಂಪೇರತೊಡಗಿತು, ತಲೆ ಭಾರ. ಈ ಔಷಧಿಯಿಂದ ರಕ್ತ ಗಟ್ಟಿಯಾಗಬಹುದು, ಪರೀಕ್ಷೆ ತಪ್ಪಿಸಬೇಡಿ ಎಂದು ಡಾಕ್ಟರು ಹೇಳಿಯೇ ಇದ್ದರು. ನೀವು ಲಗ್ನದ ಸೀಜನ್ನು ಮುಗಿಯಲಿ ಎಂದಿರಿ.

ಅಷ್ಟರಲ್ಲಿ ಆ ಕೆಂಪು ಮುಖ ಅತ್ತೆಯ ಕಣ್ಣಿಗೆ ಬಿತ್ತು. ಲಿಂಗಪೂಜೆ ಮುಗಿಸಿ ನೇರ ಬಂದು ನಿಮ್ಮ ಗಲ್ಲ ಹಿಡಿದರು. "ಬಾಯಿ ತಗಿ, ಬಸಲಿಂಗಾ. ವಾಸನಿ ಬರವಲ್ದು, ಆದ್ರ ನಿನ್ನ ಕಣ್ಣ ಹೇಳ್ತಾವ. ಯಾವಾಗಿಂದ ಕುಡಿಯಾಕ ಹತ್ತೀದಿ?" ನೀವು ಒಮ್ಮೆ ನನ್ನ ಕಡೆ ನೋಡಿ, "ಒಮ್ಮೊಮ್ಮೆ, ಅವ್ವಾ" ಎಂದುಬಿಟ್ಟಿರಿ. ಜನ್ಮದಲ್ಲಿ ಒಂದು ಹನಿ ಮುಟ್ಟದವರು! ಮರುದಿನವೇ ಮಠದ ಸ್ವಾಮಿಗಳಾದ ಅಜ್ಜಾರ ಪಾದ ಮುಟ್ಟಿಸಿ, ಇನ್ನು ಕುಡಿಯುವುದಿಲ್ಲವೆಂದು ಆಣೆ ಹಾಕಿಸಿದರು. ದಿನಾ ಕುಡಿಯುವ ಪಕ್ಕದಂಗಡಿ ಶಂಕರೆಪ್ಪ, "ಭೇಷ್ ಮಾಡಿದ್ರಿ ಸಾಹುಕಾರ್ರ, ನನಗೂ ಒಂದೀಟ ಬಿಡೂದ ಕಲಿಸ್ರಿ" ಎಂದಾಗ ನಾನು ಬಾಯಿಗೆ ಸೆರಗು ತುರುಕಿಕೊಂಡೆ.

ಮುಖ ಕೆಂಪಾಗಬಾರದೆಂದು ನೀವು ಇಂಜೆಕ್ಷನ್ನನ್ನೇ ನಿಲ್ಲಿಸಿದಾಗ ನನ್ನ ನಗು ನಿಂತಿತು. ಮುಖ ತಿಳಿಯಾಯಿತು, ಅತ್ತೆ ದೃಷ್ಟಿ ತೆಗೆದರು. ಆದರೆ ಹೋದ ವಾರ ಮೆಟ್ಟಿಲ ನಡುವೆ ಸೊಂಟಕ್ಕೆ ಕೈಯಿಟ್ಟು ನೀವು ನಿಂತದ್ದನ್ನು ಕೆಳಗಿನಿಂದ ನೋಡಿದೆ. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟವೆಂದು ಡಾಕ್ಟರು ಹೇಳಿದ್ದು ನಿಮಗೂ ಗೊತ್ತು.

ಅದಕ್ಕೇ ಭಾನುವಾರ ನೀವು ಖರೀದಿಗೆ ಹುಬ್ಬಳ್ಳಿಗೆ ಹೋದಾಗ ನಿಮಗೆ ಕೊಟ್ಟ ಮಾತು ಮುರಿದೆ. ಅತ್ತೆಗೆ ಎಲ್ಲ ಹೇಳಿಬಿಟ್ಟೆ.

ಅವರು ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದರು, "ನನ್ನ ಸಕ್ಕರಿ ಜಡ್ಡಿಗೆ ದಿನಾ ಸೂಜಿ ಚುಚ್ಚಿಸ್ಕೋತೀನಲ್ಲ, ಹಂಗಽ ಏನವಾ ಇದು?"

"ಹಂಗಽ ರೀ ಅತ್ತಿ. ಮೈಯಾಗ ಕಡಿಮಿ ಆಗಿದ್ದನ್ನ ಹೊರಗಿಂದ ಕೊಡೂದು."

"ಮತ್ತ ಕುಡದೇನಂತ ಯಾಕ ಅಂದ?"

"ನಾಚಿಕಿ."

"ಅಯ್ಯ ನನ ಕೂಸ! ಕುಡುಕ ಅನ್ನಿಸಿಕೊಳ್ಳಾಕ ನಾಚಿಕಿ ಬರಲಿಲ್ಲೇನ ಅವಗ?" ಎಂದು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ನಿಮಗೆ ಈ ಪತ್ರ ಮುಟ್ಟುವವರೆಗೂ ಬಾಯಿ ಬಿಡುವುದಿಲ್ಲ ಎಂದಿದ್ದಾರೆ.

ಡಾಕ್ಟರಿಗೂ ಫೋನ್ ಮಾಡಿದೆ. ನಿಲ್ಲಿಸುವುದೊಂದೇ ದಾರಿಯಲ್ಲವಂತೆ. ರಕ್ತ ನೋಡಿ ಡೋಸು ಕಡಿಮೆ ಮಾಡಿ, ಮೂರು ವಾರದ ಬದಲು ಬೇಗಬೇಗ ಕೊಟ್ಟರೆ ಮುಖದ ಕೆಂಪೂ ಸಿಟ್ಟೂ ಇಳಿಯಬಹುದು. ರಕ್ತ ತೀರ ಗಟ್ಟಿಯಾದರೆ ಒಂದಿಷ್ಟು ತೆಗೆಯುತ್ತಾರೆ. ಸೋಮವಾರ ಧಾರವಾಡಕ್ಕೆ ಬರಹೇಳಿದ್ದಾರೆ. ನಾನು ರಜೆ ಹಾಕಿದ್ದೇನೆ.

ಮಾತು ಮುರಿದೆನೆಂದು ಸಿಟ್ಟಿದ್ದರೆ ಸಿಟ್ಟಿನಲ್ಲೇ ಬನ್ನಿ, ಆದರೆ ಬನ್ನಿ. ಅತ್ತೆಯೂ ಹೊರಟಿದ್ದಾರೆ. ಬಸ್ಸಿನ ಮೂವರ ಸೀಟಿನಲ್ಲಿ ಕಿಟಕಿಯ ಬದಿಗೆ ಅವರು, ಈ ಬದಿಗೆ ನಾನು, ನಡುವೆ ನೀವು. ಎದ್ದು ಓಡಲು ಜಾಗವಿರುವುದಿಲ್ಲ.

ನಿಮ್ಮ ಮೂಳೆ ಗಟ್ಟಿಯಾಗಲಿ, ರಕ್ತ ತೆಳುವಾಗಲಿ.

ನಿಮ್ಮ,
ಭಾಗೀರಥಿ