ಬೆನ್ನ ಮೇಲಿನ ಹೆಸರು

ಅಕ್ಕಾ,

ಈ ಒಂಬತ್ತನೇ ಕ್ಲಬ್ಬಿನಲ್ಲೂ ನಿನ್ನ ತಮ್ಮನಿಗೆ ರಾಜಮರ್ಯಾದೆ. ಹಳೆಯ ಗೋಲ್‌ಕೀಪರನ ಜೆರ್ಸಿಯನ್ನು ಅವನ ಹೆಸರಿನ ಸಮೇತ ತೊಡಿಸಿದ್ದಾರೆ. "ನೀನೆಷ್ಟು ದಿನ ಇರ್ತೀಯೋ ನೋಡ್ಕೊಂಡು ನಿನ್ನ ಹೆಸರು ಹಾಕ್ಸೋಣ" ಎಂದರು ಮ್ಯಾನೇಜರ್ ಸಾಹೇಬರು. ಮೊದಲ ಪಂದ್ಯದಲ್ಲಿ ನಾಲ್ಕು ಗೋಲು ಬಿಟ್ಟೆ. ಜನ ಅವನ ಹೆಸರು ಹಿಡಿದು ಬೈದರು, ನಮ್ಮ ಮನೆತನದ ಮಾನ ಉಳಿಯಿತು. ಹೋದ ತಿಂಗಳು ಕೊನೆಯ ನಿಮಿಷದ ಪೆನಾಲ್ಟಿ ಹಿಡಿದೆ. ಇಡೀ ಮೈದಾನ ಎದ್ದು ನಿಂತು ಜೈಕಾರ ಹಾಕಿತು, ಅವನಿಗೆ.

ಊದಿದ ಕಿರುಬೆರಳು ಮಾತ್ರ ನನ್ನದೇ, ಊತ ಇನ್ನೂ ಇಳಿದಿಲ್ಲ. ಸೊಟ್ಟ ಅಕ್ಷರಕ್ಕೆ ಬೈಯಬೇಡ.

ಆ ಪೆನಾಲ್ಟಿಯ ಫೋಟೊವನ್ನೇ ಕ್ಲಬ್ಬಿನವರು ಈ ಕಾರ್ಡಿನ ಹಿಂದೆ ಅಚ್ಚು ಹಾಕಿಸಿದ್ದಾರೆ. "ಇವನು ಒಂದು ಚೆಂಡಾದ್ರೂ ಹಿಡೀತಾನಾ" ಅನ್ನುತ್ತಿದ್ದರಲ್ಲ ಅಪ್ಪ, ಅವರಿಗೆ ತೋರಿಸು. ನಮ್ಮ ತಂಡದ ಬಸ್ಸು ಹೊರಟಿತು, ಮುಗಿಸುತ್ತೇನೆ. ತೋರಿಸುವಾಗ ಫೋಟೊದಲ್ಲಿನ ನನ್ನ ಬೆನ್ನಿನ ಮೇಲೆ ಹೆಬ್ಬೆರಳು ಇಟ್ಟುಕೋ.

ನಿನ್ನ ತಮ್ಮ