ಕೊಸರಿಗೆ ಕೊಟ್ಟ ಹುಡುಗ

ಮೇ 19, ಸೋಮವಾರ

ಇವತ್ತು ನೂರಾ ಹನ್ನೆರಡು ಕ್ಲಿಪ್. ರೂಟ್ 80 ಎಂದಿನಂತೆ ಜಾಮ್. ಹ್ಯಾಕೆನ್‌ಸ್ಯಾಕ್ ಆಫೀಸಿಗೆ ಹತ್ತು ನಿಮಿಷ ತಡ, ಯಾರೂ ಗಮನಿಸಲಿಲ್ಲ. ಕೆಲಸ ಅದೇ — ಆಟಗಾರ ಐಸ್ ಮೇಲೆ ಇಳಿದಲ್ಲಿಂದ ಬೆಂಚಿಗೆ ವಾಪಸಾಗುವವರೆಗೆ ಒಂದು ತುಂಡು ವಿಡಿಯೊ, ತುಂಡಿಗೆ ಒಂದು ಸಾಲು ಟಿಪ್ಪಣಿ. ಒಂದು ಸಲ ಇಳಿದು ಹತ್ತಿದರೆ ಒಂದು ಶಿಫ್ಟ್. ನಲವತ್ತು ಸೆಕೆಂಡ್, ಹೆಚ್ಚೆಂದರೆ ಐವತ್ತು. ಎರಡು ವರ್ಷದಿಂದ ಜನರನ್ನು ನಲವತ್ತು ಸೆಕೆಂಡಿನ ತುಂಡುಗಳಲ್ಲೇ ನೋಡುತ್ತಿದ್ದೇನೆ.

ಹೆರನ್ಸ್ ಐಸ್ ಹಾಕಿ ತಂಡದಲ್ಲಿ ನನಗಿಂತ ಕೆಳಗೆ ಯಾರೂ ಇಲ್ಲ. ಹೈಸ್ಕೂಲ್ ಮುಗಿಸದವನಿಗೆ ಇದೇ ಹೆಚ್ಚು ಅಂತ ಅಮ್ಮ. ಅವಳ ಮಾತು ತಪ್ಪಲ್ಲ.

ಡೇನಿಯಲ್ ಬೆಳಗ್ಗೆಯಿಂದ ಸಿಡುಕುತ್ತಿದ್ದ. ಸಂಬಳ, ಕಾಂಟ್ರಾಕ್ಟ್, ಬೇರೆ ತಂಡಕ್ಕೆ ಆಟಗಾರರನ್ನು ಕೊಟ್ಟು ತರುವ ಟ್ರೇಡ್, ಎಲ್ಲ ಅವನ ಕೈಯಲ್ಲಿ. ಇಡೀ ತಂಡದ ಸಂಬಳಕ್ಕೆ ಲೀಗ್ ಒಂದು ಮಿತಿ ಹಾಕಿದೆ, ಅದೇ ಕ್ಯಾಪ್. ಒಂದು ಡಾಲರ್ ಕೂಡ ಮೀರುವಂತಿಲ್ಲ. ನಾವು ಮೀರಿದ್ದೇವೆ. ಕಾರಣ ನಂಬರ್ 44. ಮೂವತ್ನಾಲ್ಕು ವರ್ಷ, ಮಂಡಿ ಸವೆದಿದೆ, ಇನ್ನೂ ಮೂರು ವರ್ಷದ ದೊಡ್ಡ ಕಾಂಟ್ರಾಕ್ಟ್. ಸೆಪ್ಟೆಂಬರ್ ಒಳಗೆ ಅವನನ್ನು ಯಾರ ತಲೆಗಾದರೂ ಕಟ್ಟಬೇಕು.

ಮೇ 22, ಗುರುವಾರ, ಮಧ್ಯಾಹ್ನ 3

ಕಶ್ಯಪ್ ಮನೆಯವರ ಜೊತೆ ಜೂಮ್ ಕಾಲ್ ಆಯಿತು.

ಕಶ್ಯಪ್ — ಇಪ್ಪತ್ತು ವರ್ಷ, ಹಿಕ್ಸ್‌ವಿಲ್ ಹುಡುಗ, ಕಾಲೇಜ್ ತಂಡದಲ್ಲಿ ಆಡುತ್ತಾನೆ. ಎರಡು ವರ್ಷದ ಹಿಂದೆ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವಾಗ, ಐದನೇ ಸುತ್ತಿನಲ್ಲಿ ನಮ್ಮವರು ಆರಿಸಿಕೊಂಡರು. ಅಂದಿನಿಂದ ಅವನ ಹಕ್ಕು ನಮ್ಮದು. ಕಾಂಟ್ರಾಕ್ಟ್ ಮಾತ್ರ ಇನ್ನೂ ಇಲ್ಲ. ಕೊಡಬೇಕೋ ಬೇಡವೋ ಅಂತ ಈ ಕಾಲ್.

ಕ್ಲಿಪ್ ಹಾಕಲು ನಾನೂ ಇದ್ದೆ. ಕ್ಯಾಮೆರಾ ಆಫ್. ಪರದೆ ಮೇಲೆ ನನ್ನ ಹೆಸರು 'ವಿಡಿಯೊ 2'. ಅವರ ಮನೆ ಸೋಫಾದಲ್ಲಿ ಕಶ್ಯಪ್ ನಡುವೆ, ಆಚೀಚೆ ತಂದೆ ವೆಂಕಟೇಶ ಅಂಕಲ್, ತಾಯಿ ತ್ರಿಪುರಸುಂದರಿ ಆಂಟಿ. ನಮ್ಮ ತಂಡದ ಟ್ರೇನರ್ ಕೇಳಿದ — ತಲೆಗೆ ಪೆಟ್ಟು ಬಿದ್ದದ್ದು, ತಲೆನೋವು, ಏನಾದರೂ ಇದೆಯಾ?

ಆಂಟಿ ಕ್ಯಾಮೆರಾ ಕಡೆ ನಗುತ್ತಲೇ ಕನ್ನಡದಲ್ಲಿ ಅಂದರು, "ಜನವರಿದು ಹೇಳ್ಬೇಡ ಕಣೋ. ಬಲಗಡೆ ಮಂಜಾಗಿ ಕಾಣತ್ತೆ ಅಂತ ಬಾಯಿ ಬಿಟ್ಯೋ, ಅಲ್ಲಿಗೆ ಮುಗೀತು."

ಅಂಕಲ್, "ಅದೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಹೇಳು."

ಕಶ್ಯಪ್, "ನೋ ಸರ್. ನೆವರ್."

ಡೇನಿಯಲ್ ಕುತೂಹಲದಿಂದ, "ವಾಟ್ ಡಿಡ್ ಮಾಮ್ ಸೇ?"

"ನಿಮ್ಮದೆಲ್ಲ ಊಟ ಆಯ್ತಾ ಅಂತ ಕೇಳ್ತಿದ್ದಾಳೆ," ಅಂದ ಕಶ್ಯಪ್ ಇಂಗ್ಲಿಷಿನಲ್ಲಿ.

ಎಲ್ಲರೂ ನಕ್ಕರು. ಟ್ರೇನರ್ ಹೊಟ್ಟೆ ಸವರಿಕೊಂಡು ತೋರಿಸಿದ. ಆಂಟಿಯೂ ನಕ್ಕರು. ನಾನು ಮುಂದಿನ ಕ್ಲಿಪ್ ಹಾಕಿದೆ.

ಮೇ 23, ಶುಕ್ರವಾರ

ಜನವರಿಯ ಆಟಗಳನ್ನೆಲ್ಲ ಮತ್ತೆ ನೋಡಿದೆ. ಸಿಕ್ಕಿತು. ಹದಿನೇಳನೇ ತಾರೀಖು, ಎರಡನೇ ಪೀರಿಯಡ್. ಗೋಡೆಗೆ ಒತ್ತಿ ಹೊಡೆದರು. ಎದ್ದ. ಎದ್ದವನು ಎದುರಾಳಿಗಳ ಬೆಂಚಿನ ಕಡೆ ಸ್ಕೇಟ್ ಮಾಡಿಕೊಂಡು ಹೋಗುತ್ತಾನೆ. ಬಾಗಿಲವರೆಗೆ ಹೋಗಿ ನಿಂತು, ತಿರುಗುತ್ತಾನೆ. ಆಮೇಲಿನ ಆಟಗಳಲ್ಲೆಲ್ಲ ಬಲಗಡೆಯಿಂದ ಆಟಗಾರ ಬರಲಿ, ರಬ್ಬರ್ ಬಿಲ್ಲೆ ಪಕ್ ಬರಲಿ, ಅವನಿಗೆ ತಡವಾಗಿ ಕಾಣುತ್ತದೆ. ತಲೆಯನ್ನು ಪೂರ್ತಿ ತಿರುಗಿಸುತ್ತಾನೆ, ಕಾರನ್ನು ರಿವರ್ಸ್ ತೆಗೆಯುವವರ ಹಾಗೆ.

ಆ ಕ್ಲಿಪ್‌ಗೆ ಆಗ ನಾನೇ ಬರೆದ ಟಿಪ್ಪಣಿ: 'ಲೇಜಿ ಶಿಫ್ಟ್.'

ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದೆ. ಅವಳು ಸೌಟು ಹಿಡಿದು ನಿಂತಳು.

"ನಿಂಗ್ಯಾಕೋ ಬೇಕು ಊರ ಉಸಾಬರಿ? ಹೆತ್ತೋರಿಗೆ ಗೊತ್ತಿಲ್ವಾ?"

"ಇನ್ನೊಂದು ಏಟು ಬಿದ್ರೆ ಕಣ್ಣೇ ಹೋಗಬಹುದು. ತಲೆನೇ ಕೆಡಬಹುದು."

"ಸ್ಕೂಲಲ್ಲೂ ಹಿಂಗೇ ನಿಜ ಹೇಳೋಕ್ ಹೋದೆ. ಪಾಪ ಆ ಗೌರವ್‌ನೂ ಮುಳುಗಿಸಿದೆ."

ಹೌದು. ಗೌರವ್ ನನಗೋಸ್ಕರ ಪೇಪರ್ ಬರೆದುಕೊಟ್ಟಿದ್ದ. ಯಾರೂ ಕೇಳದಿದ್ದರೂ ಹೋಗಿ ಒಪ್ಪಿಕೊಂಡೆ. ಇಬ್ಬರನ್ನೂ ಸಸ್ಪೆಂಡ್ ಮಾಡಿದರು. ಅವನು ವಾಪಸ್ ಹೋದ, ನಾನು ಹೋಗಲಿಲ್ಲ.

ಆದರೂ.

ಮೇ 27, ಮಂಗಳವಾರ, ರಾತ್ರಿ 8

ಹೇಳಿಬಿಟ್ಟೆ. ಮೊದಲು ಸಿಸ್ಟಮ್ಮಿನಲ್ಲಿ ಕಶ್ಯಪ್ ಹೆಸರಿನ ಕೆಳಗೆ ಬರೆದೆ, ಆಮೇಲೆ ಡೇನಿಯಲ್ ಕ್ಯಾಬಿನ್ನಿಗೆ ಹೋದೆ. ಅವನು ಬಾಗಿಲು ಹಾಕಿದ.

"ಬೇರೆ ಯಾರಿಗೆ ಗೊತ್ತು?"

"ನಮ್ಮಮ್ಮನಿಗೆ."

"ಬರೆದದ್ದನ್ನು ಅಳಿಸು."

ನಿಜವಾದದ್ದನ್ನು ಅಳಿಸುವುದಿಲ್ಲ ಅಂದೆ. ಅವನು ನನ್ನನ್ನು ಒಂದು ಕ್ಷಣ ನೋಡಿದ. ಬೈಯಲಿಲ್ಲ. ತಾನೇ ಲಾಗಿನ್ ಆಗಿ ಅಳಿಸಿದ. ಇದು ಹುಡುಗನ ಖಾಸಗಿ ವಿಚಾರ, ಎಲ್ಲರ ಕಣ್ಣಿಗೆ ಬೀಳಬಾರದು ಅಂದ. ಸರಿ ಅನ್ನಿಸಿತು. ಆಮೇಲೆ ಹೆಗಲ ಮೇಲೆ ಕೈ ಇಟ್ಟ. "ಗುಡ್ ಜಾಬ್, ಕಿಡ್. ಅವನನ್ನು ನಾವು ನೋಡಿಕೊಳ್ಳುತ್ತೇವೆ."

ಡಾಕ್ಟರ್ ಹತ್ತಿರ ಕಳಿಸುತ್ತಾರೆ. ವಾಸಿಯಾಗುವವರೆಗೆ ಆಡಿಸುವುದಿಲ್ಲ. ಅಷ್ಟು ಸಾಕು.

ವಾಪಸ್ ಬರುತ್ತಾ ರೇಡಿಯೊ ಜೋರಾಗಿ ಹಾಕಿದೆ. ಇದನ್ನೂ ಬರೆದಿಡಬೇಕು — ಸಂತೋಷವಾಗಿದ್ದು ಕಶ್ಯಪ್‌ಗೋಸ್ಕರ ಅಲ್ಲ. 'ಗುಡ್ ಜಾಬ್' ಅಂದದ್ದಕ್ಕೆ. ಎರಡು ವರ್ಷದಲ್ಲಿ ಮೊದಲ ಸಲ.

ಜೂನ್ 3

ಡಾಕ್ಟರ್ ವಿಷಯ ಕೇಳಿದೆ. "ಪ್ರಾಸೆಸ್‌ನಲ್ಲಿದೆ," ಅಂದ ಡೇನಿಯಲ್.

ಜೂನ್ 11

ಮತ್ತೆ ಕೇಳಿದೆ. ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದ. ಫೋನಿನಲ್ಲಿದ್ದ.

ಜೂನ್ 26, ಗುರುವಾರ

ನಾಳೆ ಡ್ರಾಫ್ಟ್. ಮೀಟಿಂಗ್ ರೂಮಿನಲ್ಲಿ ಬಿಳಿ ಬೋರ್ಡ್ ತುಂಬ ಸಂಖ್ಯೆ, ಟೇಬಲ್ ತುಂಬ ಪಿಜ್ಜಾ ಡಬ್ಬಿ. ನಾನು ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ.

44 ಅನ್ನು ತೆಗೆದುಕೊಳ್ಳಲು ಪಶ್ಚಿಮದ ಒಂದು ತಂಡ ತಯಾರು. ಆದರೆ ಬರೀ ಅವನನ್ನಲ್ಲ. ಅಷ್ಟು ದೊಡ್ಡ ಸಂಬಳ ಹೊರಬೇಕಾದರೆ ಜೊತೆಗೆ ಏನಾದರೂ ಬೇಕು — ನಮ್ಮ ಮೊದಲ ಸುತ್ತಿನ ಆಯ್ಕೆ, ಇಲ್ಲವಾದರೆ ಒಬ್ಬ ಒಳ್ಳೆಯ ಎಳೆಯ ಆಟಗಾರ. ಮೈಸೂರಿನಲ್ಲಿ ಅಮ್ಮ ಸೊಪ್ಪಿನವಳ ಹತ್ತಿರ ಕೇಳುತ್ತಿದ್ದಳಲ್ಲ, ಕೊಸರು, ಹಾಗೆ.

ಮೊದಲ ಸುತ್ತನ್ನು ಕೊಡಲು ಯಾರಿಗೂ ಮನಸ್ಸಿಲ್ಲ. ಡೇನಿಯಲ್ ಪೆನ್ನಿನ ಮುಚ್ಚಳ ತೆಗೆದು ಬೋರ್ಡಿನ ಮೇಲೆ, 44ರ ಪಕ್ಕ, ಕಶ್ಯಪ್ ಹೆಸರು ಬರೆದ.

"ಅವನು ಚೆನ್ನಾಗಿದ್ದಾನಲ್ಲ, ಯಾಕೆ ಬಿಡೋದು?" ಅಂತ ಯಾರೋ ಕೇಳಿದರು.

"ಐ ಹ್ಯಾವ್ ಎ ಫೀಲಿಂಗ್," ಅಂದ ಡೇನಿಯಲ್. ನನ್ನ ಕಡೆ ತಿರುಗಲಿಲ್ಲ. "ಅವನ ಒಳ್ಳೊಳ್ಳೆ ಕ್ಲಿಪ್ ಇಪ್ಪತ್ತು ಆರಿಸಿ ಅವರಿಗೆ ಕಳಿಸು."

ಕಳಿಸಿದೆ. ಎಲ್ಲವೂ ಆ ಜನವರಿಗಿಂತ ಮುಂಚಿನವು. ಯಾಕೆ ಹಾಗೆ ಆರಿಸಿದೆ? ಅವನು ಹೇಳಿದ್ದು ಒಳ್ಳೆಯವು ಅಂತ. ಒಳ್ಳೆಯವು ಇದ್ದದ್ದೇ ಅಷ್ಟು. ಇದು ಸುಳ್ಳಲ್ಲ. ಸುಳ್ಳಿಗಿಂತ ಕೀಳು.

ಜೂನ್ 27, ಶುಕ್ರವಾರ

ಟ್ರೇಡ್ ಆಯಿತು. ಬೆಳಗ್ಗೆ ಹತ್ತೂವರೆ. ಲೀಗಿನಿಂದ ಒಪ್ಪಿಗೆ ಬಂದಾಗ ಚಪ್ಪಾಳೆ ತಟ್ಟಿದರು. ನಾವೀಗ ಕ್ಯಾಪ್ ಒಳಗಿದ್ದೇವೆ.

ಅಮ್ಮನ ವಾಟ್ಸ್ಯಾಪ್‌ಗೆ ಕನ್ನಡ ಸಂಘದ ಗುಂಪಿನಿಂದ ಫೋಟೊ. ಕಶ್ಯಪ್ ಹೊಸ ತಂಡದ ಟೋಪಿ ಹಾಕಿಕೊಂಡು. ಕಾಂಟ್ರಾಕ್ಟ್ ಕೊಡುತ್ತಾರಂತೆ. ಕೆಳಗೆ ಎಪ್ಪತ್ತು ಜನರ ಕಂಗ್ರಾಟ್ಸ್. "ನೋಡು, ಎಲ್ಲಾ ಒಳ್ಳೇದೇ ಆಯ್ತು," ಅಂದಳು ಅಮ್ಮ.

ಆ ತಂಡಕ್ಕೆ ಗೊತ್ತಿಲ್ಲ. ಗೊತ್ತಿಲ್ಲದ ಹಾಗೆ ಮಾಡಿದ್ದು ನಮ್ಮವರು. ನಮ್ಮವರಿಗೆ ಹೇಳಿದ್ದು ನಾನು.

ಜೂನ್ 29, ಭಾನುವಾರ, ಸಂಜೆ 6

ಹಿಕ್ಸ್‌ವಿಲ್‌ಗೆ ಹೋಗಿ ಬಂದೆ. ನಮ್ಮನೆ ಇರುವ ಪಾರ್ಸಿಪನಿಯಿಂದ ಎರಡೂಕಾಲು ಗಂಟೆ ಡ್ರೈವ್, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಒಂದೂ ಉಪಯೋಗಕ್ಕೆ ಬರಲಿಲ್ಲ.

ಸಂಘದವನು ಅಂದುಕೊಂಡು ಆಂಟಿ ಒಳಗೆ ಕರೆದರು. ಕಾಫಿ ಕೊಟ್ಟರು, ಮೈಸೂರ್‌ಪಾಕ್ ಕೊಟ್ಟರು. "ಸುಧಾಮಣಿ ಮಗ ಅಲ್ವೇನಪ್ಪಾ ನೀನು?"

"ಹೂಂ ಆಂಟಿ. ಹೆರನ್ಸ್‌ನಲ್ಲಿ ಕೆಲಸ ಮಾಡ್ತೀನಿ. ಆವತ್ತು ಜೂಮ್ ಕಾಲ್‌ನಲ್ಲಿ ಇದ್ದೆ."

"ಯಾವ ಕಾಲ್‌ನಲ್ಲಿ?"

"ಊಟ ಆಯ್ತಾ ಅಂತ ಕೇಳಿದ್ರಲ್ಲ. ಆ ಕಾಲ್."

ಆಂಟಿ ತಟ್ಟೆಯನ್ನು ಕೆಳಗಿಟ್ಟರು.

"ಕನ್ನಡ ಬರತ್ತೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ? ಮುಖ ಮುಚ್ಕೊಂಡು ಕೂತು ಕೇಳಿಸ್ಕೊಂಡ್ಯಾ? ನಮ್ಮೋನು ಅಂತ ಒಬ್ಬನಿದ್ದು..."

ಕಶ್ಯಪ್ ಮೆಟ್ಟಿಲಿಳಿದು ಬಂದ. ಎಲ್ಲ ಹೇಳಿದೆ, ಬೋರ್ಡಿನ ಮೇಲೆ ಹೆಸರು ಬರೆದದ್ದನ್ನೂ ಬಿಡದೆ.

"ಡ್ಯೂಡ್. ಸೋ ದೇ ಡಂಪ್ಡ್ ಮೀ." ನಗಲು ನೋಡಿದ. "ವಾಟೆವರ್. ಐ ಗಾಟ್ ಎ ಕಾಂಟ್ರಾಕ್ಟ್."

ಮೊದಲು ಡಾಕ್ಟರ್‌ಗೆ ತೋರಿಸು ಅಂದೆ. ಹೊಸ ತಂಡಕ್ಕೆ ನೀನೇ ಹೇಳು ಅಂದೆ.

"ಈಗ ಆ ಟೀಮಿಗೂ ಹೋಗಿ ಊದ್ತೀಯೇನೋ?" ಅಂದರು ಆಂಟಿ. "ಆರು ವರ್ಷದವನಿದ್ದಾಗಿಂದ ಬೆಳಗ್ಗೆ ಐದಕ್ಕೆ ಎಬ್ಬಿಸಿ ರಿಂಕಿಗೆ ಕರ್ಕೊಂಡ್ ಹೋಗಿದೀನಿ. ಸ್ನೋ ಬೀಳ್ತಿದ್ರೂ. ನೀನು ಯಾರು?"

ಅಷ್ಟರಲ್ಲಿ ಕಶ್ಯಪ್ ಕಾಫಿ ಲೋಟಕ್ಕೆ ಕೈ ಚಾಚಿದ. ಅದು ಬಲಗಡೆ ಇತ್ತು. ಕೈ ಲೋಟದ ಆಚೆ ಹೋಯಿತು, ಮತ್ತೆ ಹುಡುಕಿಕೊಂಡು ಬಂತು. ಆಂಟಿ ನೋಡಿದರು. ನಾನು ನೋಡಿದೆ. ಅವರು ಲೋಟವನ್ನು ಅವನ ಎಡಗಡೆಗೆ ಸರಿಸಿಟ್ಟರು — ದಿನಾ ಮಾಡುವ ಕೆಲಸದ ಹಾಗೆ, ಯೋಚನೆಯೇ ಇಲ್ಲದೆ.

ಮೊದಲು ಬರಬೇಕಾಗಿದ್ದದ್ದು ಈ ಮನೆಗೆ. ಡೇನಿಯಲ್ ಹತ್ತಿರ ಅಲ್ಲ. ಅದು ಆಗ ಹೊಳೆಯಲೇ ಇಲ್ಲ. ನಿಜ ಹೇಳಿದರೆ ಸಾಕು, ಯಾರಿಗೆ ಅನ್ನುವುದು ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೆ.

ಜುಲೈ 1, ಮಂಗಳವಾರ

ಆ ತಂಡದ ಡಾಕ್ಟರಿಗೆ ಈಮೇಲ್ ಕಳಿಸಿದೆ. ನನ್ನ ಹೆಸರು, ಜನವರಿ ಹದಿನೇಳರ ಕ್ಲಿಪ್, ಎಲ್ಲ.

ಜುಲೈ 3

ಕೆಲಸ ಹೋಯಿತು. ಈಮೇಲ್ ಅಲ್ಲಿಂದ ಸೀದಾ ಡೇನಿಯಲ್‌ಗೆ ಬಂದಿದೆ. ತಂಡದ ಗುಟ್ಟು ಹೊರಗೆ ಹಾಕಿದೆ ಅಂತ ಕಾರಣ. ಆ ತಂಡದವರು ಕಶ್ಯಪ್‌ನನ್ನು ಕೇಳಿದರಂತೆ. ಅಂಥದ್ದೇನಿಲ್ಲ ಅಂತ ಸಹಿ ಹಾಕಿಕೊಟ್ಟನಂತೆ. ಮಾಮೂಲಿ ಪರೀಕ್ಷೆಯಲ್ಲೂ ಏನೂ ಕಾಣಲಿಲ್ಲವಂತೆ.

ಆಫೀಸಿನಿಂದ ಡಬ್ಬಿಯಲ್ಲಿ ತುಂಬಿ ತರಲು ಸಾಮಾನೇ ಇರಲಿಲ್ಲ. ಒಂದು ಚಾರ್ಜರ್.

ಸೆಪ್ಟೆಂಬರ್ 16

ಇಂಡಿಯನ್ ಗ್ರೋಸರಿಯ ಗೋಡೌನಿನಲ್ಲಿದ್ದೇನೆ, ಆಗಸ್ಟಿನಿಂದ. ಅಕ್ಕಿ ಮೂಟೆ, ತೊಗರಿಬೇಳೆ, ಟ್ರಕ್ ಬಂದಾಗ ಇಳಿಸುವುದು. ಅಮ್ಮ ಸಂಘದ ಗಣಪತಿ ಹಬ್ಬಕ್ಕೆ ಹೋಗಲಿಲ್ಲ. ನನ್ನಿಂದ ಅಂತ ಹೇಳಲಿಲ್ಲ. ಕಾಲು ನೋವು ಅಂದಳು.

ಈ ಪುಸ್ತಕ ಎರಡು ತಿಂಗಳು ಮುಟ್ಟಿರಲಿಲ್ಲ. ಕನ್ನಡದಲ್ಲಿ ಬರೆದರೆ ಇಲ್ಲಿ ಯಾರೂ ಓದಲಾರರು ಅಂತ ಶುರು ಮಾಡಿದ್ದು. ಆ ಜೂಮ್ ಕಾಲ್ ದಿನ ಆಂಟಿ ಅಂದುಕೊಂಡದ್ದೂ ಅದನ್ನೇ.

ಸೆಪ್ಟೆಂಬರ್ 24, ಬುಧವಾರ, ಮಧ್ಯಾಹ್ನ 1

ಕಶ್ಯಪ್ ಫೋನ್ ಮಾಡಿದ್ದ. ಮೂಟೆ ಇಳಿಸುತ್ತಿದ್ದೆ, ಗುರುತಿಲ್ಲದ ನಂಬರ್.

ಮೊನ್ನೆ ಅಭ್ಯಾಸದಲ್ಲಿ ಸಣ್ಣದೊಂದು ಡಿಕ್ಕಿಯಾಯಿತಂತೆ. ಆಮೇಲೆ ಹೋಟೆಲಿನಲ್ಲಿ ತನ್ನ ರೂಮ್ ನಂಬರ್ ನೆನಪಾಗದೆ ಕಾರಿಡಾರಿನಲ್ಲಿ ಕೂತಿದ್ದನಂತೆ. ಕೋಚ್‌ಗೆ ಹೇಳಿದರೆ ತೆಗೆದುಹಾಕುತ್ತಾರೆ. ಅಮ್ಮನಿಗೆ ಹೇಳಿದರೆ ಅಳುತ್ತಾಳೆ.

"ಗೊತ್ತಿರೋದು ನಿಂಗೊಬ್ಬನಿಗೇ," ಅಂದ. ಅವನು ಕನ್ನಡ ಮಾತಾಡಿದ್ದು ಅದೇ ಮೊದಲು. "ಪ್ರಾಮಿಸ್ ಮಾಡು. ಯಾರ್ಗೂ ಹೇಳಲ್ಲ ಅಂತ."

ಆಗಲ್ಲ ಅಂದೆ.

ಕಟ್ ಮಾಡಿದ. ಮತ್ತೆ ನಾನು ಮಾಡಿದರೆ ಎತ್ತಲಿಲ್ಲ.

ಸುಳ್ಳೇ ಆಗಲಿ, ಪ್ರಾಮಿಸ್ ಅಂದಿದ್ದರೆ ಇನ್ನೂ ಮಾತಾಡುತ್ತಿದ್ದನೇನೋ. ಒಂದು ಸುಳ್ಳು. ಅದೂ ನನ್ನ ಕೈಲಾಗಲಿಲ್ಲ.

ಆಂಟಿಗೆ ಮೆಸೇಜ್ ಹಾಕಿದೆ, ರೂಮ್ ನಂಬರಿನ ವಿಷಯ ಪೂರ್ತಿ. ಓದಿದ್ದಾರೆ. ಉತ್ತರ ಇಲ್ಲ.

ಸೆಪ್ಟೆಂಬರ್ 27, ಶನಿವಾರ, ಮಧ್ಯಾಹ್ನ 3:40

ಅವನ ತಂಡದ ಪ್ರೀಸೀಸನ್ ಆಟ, ಲೀಗ್ ಶುರುವಾಗುವ ಮುಂಚಿನದು. ಲ್ಯಾಪ್‌ಟಾಪಿನಲ್ಲಿ ನೋಡುತ್ತಾ ಬರೆಯುತ್ತಿದ್ದೇನೆ. ಹಳೇ ಅಭ್ಯಾಸ.

ಶಿಫ್ಟ್ 1. 41 ಸೆಕೆಂಡ್. ಪರವಾಗಿಲ್ಲ.

ಶಿಫ್ಟ್ 2. 38. ಎಡಗಡೆಯೇ ಇರುತ್ತಾನೆ.

ಶಿಫ್ಟ್ 3. 52. ಬಹಳ ಹೊತ್ತಾಯಿತು. ಬೆಂಚಿನಲ್ಲಿ ತಲೆ ಬಗ್ಗಿಸಿ ಕೂತಿದ್ದಾನೆ.

3:58

ಆಂಟಿ ಫೋನ್. ಅಲ್ಲೇ ಇದ್ದಾರೆ, ಸ್ಟ್ಯಾಂಡಿನಲ್ಲಿ. ನಿನ್ನೆ ವಿಮಾನ ಹತ್ತಿ ಹೋಗಿದ್ದಾರೆ. ಹಿಂದೆ ಡ್ರಮ್ಮಿನ ಸದ್ದು.

"ಹರ್ಷ, ಇಲ್ಲಿ ಡಾಕ್ಟರ್ ಎಲ್ಲಿ ಕೂತಿರ್ತಾರಪ್ಪಾ? ಬೆಳಗ್ಗೆ ನನ್ನನ್ನೇ ಎರಡು ಸಲ ಕೇಳಿದ, ಅಮ್ಮಾ ಯಾವಾಗ ಬಂದೆ ಅಂತ."

ಬೆಂಚಿನ ಹಿಂದೆ ನೀಲಿ ಕೋಟು ಹಾಕಿಕೊಂಡಿರುವವರೇ ಡಾಕ್ಟರ್, ಆಂಟಿ, ಈಗಲೇ ಕೆಳಗೆ ಹೋಗಿ, ರಿಂಕಿನ ಗಾಜು ಬಡಿಯಿರಿ, ಕೂಗಿ ಅಂದೆ.

"ಎಲ್ಲಾರೂ ನೋಡ್ತಾರಲ್ಲೋ... ಮೊದಲ್ನೇ ಆಟ ಅವನ್ದು. ಈ ಪೀರಿಯಡ್ ಒಂದು ಮುಗೀಲಿ. ಮುಗಿದ ತಕ್ಷಣ ಹೋಗಿ ಹೇಳ್ತೀನಿ. ಆಣೆ ಮಾಡಿ ಹೇಳ್ತೀನಿ."

ಬೇಡ ಅಂದೆ. ಈಗಲೇ ಅಂದೆ. ಡ್ರಮ್ಮಿನಲ್ಲಿ ಕೇಳಿಸಿತೋ ಇಲ್ಲವೋ. ಲೈನ್ ಇದೆ, ಫೋನ್ ಅವರ ಮಡಿಲಲ್ಲಿರಬೇಕು. ಜನರ ಗಲಾಟೆ ಕೇಳುತ್ತಿದೆ.

ಪೀರಿಯಡ್ ಮುಗಿಯಲು ಇನ್ನೂ ಮೂರು ನಿಮಿಷ ಹತ್ತು ಸೆಕೆಂಡ್.

ಶಿಫ್ಟ್ 4. 12 ಸೆಕೆಂಡ್. 20. ಪಕ್ ಮೂಲೆಗೆ ಹೋಯಿತು, ಅವನೂ ಹೋದ. ಗೋಡೆಗೆ ಮುಖ. ಬಲಗಡೆಯಿಂದ ಎದುರಾಳಿಗಳ ನಂಬರ್ 6 ಬರುತ್ತಿದ್ದಾನೆ, ಜೋರಾಗಿ. ಕಶ್ಯಪ್ ಇನ್ನೂ ಆ ಕಡೆ ತಲೆ ತಿರುಗಿಸಿಲ್ಲ —